ಟ್ಯಾಂಕು ಸಲೀಸಾಗಿ ತುಂಬಿದ ದಿನ

ನಮ್ಮ ಮಾವನವರ ಎಡಗಿವಿ ಕರಗಿ ಮತ್ತೆ ಹೆಪ್ಪುಗಟ್ಟಿದ ಮೇಣದ ಹಾಗಿತ್ತು. ಹಾಲೆ ಇರಲಿಲ್ಲ. ಅಲ್ಲಿಂದ ಕೆನ್ನೆ ಹಾದು ಕುತ್ತಿಗೆಯ ಅರ್ಧದವರೆಗೆ ಚರ್ಮ ನುಣ್ಣಗೆ, ತೆಳು ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು. ಆ ಕಡೆ ಗಡ್ಡ ಬೆಳೆಯುತ್ತಿರಲಿಲ್ಲವಾದ್ದರಿಂದ ಕ್ಷೌರದವನಿಗೆ ಅರ್ಧ ಮುಖದ ಕೆಲಸ ಮಾತ್ರ. ನನ್ನನ್ನು ನೋಡಲು ಕುಂಸಿಯ ನಮ್ಮ ಮನೆಗೆ ಬಂದ ದಿನ ಅವರು ಆ ಕಿವಿಯನ್ನು ಗೋಡೆಯ ಕಡೆ ಮಾಡಿಕೊಂಡು, ಬಾಗಿಲಿಗೆ ಹತ್ತಿರವಿದ್ದ ಮುರುಕು ಕುರ್ಚಿಯನ್ನೇ ಹುಡುಕಿ ಕೂತರು. ಒಳ್ಳೆಯ ಕುರ್ಚಿಗೆ ಬನ್ನಿ ಎಂದು ನಮ್ಮಪ್ಪ ಎಷ್ಟು ಕರೆದರೂ ಏಳಲಿಲ್ಲ. ಉಪ್ಪಿಟ್ಟು ತಿಂದಾದ ಮೇಲೆ ಅಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ. ಗ್ಯಾಸ್ ಸಿಲಿಂಡರನ್ನು ಅಡುಗೆಮನೆಯ ಒಳಗಿಟ್ಟಿದ್ದೀರೋ ಹೊರಗಿಟ್ಟಿದ್ದೀರೋ ಎಂದು.

ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ಅದೇ ಮಾತಾಗಿ ಎಲ್ಲರೂ ನಕ್ಕರು. ನಾನೂ ನಕ್ಕಿದ್ದೆ.

ಮದುವೆಯಾಗಿ ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿಗೆ ಬಂದ ಮಾರನೆಯ ಬೆಳಗ್ಗೆ ಮಾವನವರು ಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಆರದಿರುವಾಗಲೇ, ನನ್ನನ್ನು ಕರೆದು ಮನೆ ತೋರಿಸಿದರು. ಮನೆ ತೋರಿಸುವುದೆಂದರೆ ದೇವರ ಕೋಣೆ, ಕಪಾಟು, ಬಚ್ಚಲು ಎಂದುಕೊಂಡಿದ್ದೆ. ಅವರು ತೋರಿಸಿದ್ದು ಎಲ್ಲೆಲ್ಲಿಂದ ಹೊರಗೆ ಓಡಬಹುದು ಎಂಬುದನ್ನು. ಹಿತ್ತಲ ಬಾಗಿಲ ಚಿಲಕ ಬಿಗಿ, ಅದನ್ನು ಮೊದಲು ಎಡಕ್ಕೆ ಎಳೆದು ಆಮೇಲೆ ಕೆಳಗೆ ಒತ್ತಬೇಕು. ಕೋಣೆಯ ಕಿಟಕಿಗೆ ಸರಳುಗಳಿವೆ, ಅದನ್ನು ನಂಬಬೇಡ. ಹೊಗೆ ಬಂದರೆ ನಿಂತು ಓಡಬೇಡ, ಬಗ್ಗಿ ಹೋಗು. ಅತ್ತೆಯವರು ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಹೊಸ ಸೊಸೆಗೆ ಹೀಗಲ್ಲ ಹೇಳುವುದು ಎಂದು ಅವರಿಗೆ ಹೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಅವರು ಹೆದರುತ್ತಿದ್ದರು. ಇದನ್ನು ಮುಚ್ಚಿಟ್ಟು ಬರೆದರೆ ಅವರ ಚಿತ್ರ ಬಾರದು. ಮದುವೆ ಮನೆಗೆ ಹೋದರೆ ಮದುಮಕ್ಕಳನ್ನು ನೋಡುವ ಮೊದಲು ಅಡುಗೆಯವರ ಒಲೆ ಶಾಮಿಯಾನಕ್ಕೆ ಎಷ್ಟು ಹತ್ತಿರವಿದೆ ಎಂದು ನೋಡಿಕೊಂಡು ಬರುತ್ತಿದ್ದರು. ಊಟಕ್ಕೆ ಕೊನೆಯ ಪಂಕ್ತಿಯ ಕೊನೆಯ ಎಲೆ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು. ಹೊರಗಿನಿಂದ ಬಂದವರು ಮನೆಯೊಳಗೆ ಕಾಲಿಡುತ್ತಲೇ ಸ್ವಿಚ್ ಒತ್ತಿದರೆ ಅವರ ಮುಖ ಬಿಗಿಯುತ್ತಿತ್ತು. ಮೊದಲು ಒಂದು ಉಸಿರು ಎಳೆದು ನೋಡಬೇಕು, ಆಮೇಲೆ ದೀಪ ಎನ್ನುವವರು ಅವರು. ಕಾಗದದ ಮಿಲ್ಲಿನ ಗೋದಾಮಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯ. ಜೊತೆಯವರು ಪ್ರೀತಿಯಿಂದಲೇ ಗೇಲಿ ಮಾಡುತ್ತಿದ್ದರಂತೆ. ಅವರು ನಕ್ಕು ಸುಮ್ಮನಾಗುತ್ತಿದ್ದರಂತೆ. ಕಿವಿಯ ಬಗ್ಗೆ ಕೇಳಿದರೆ "ಹಳೇದು ಬಿಡಿ" ಎನ್ನುತ್ತಿದ್ದರು. ನನ್ನ ಗಂಡನಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಮಿಲ್ಲು ನಿಂತಿತು. ಕಾಲೊನಿಯ ಮನೆಗಳು ಒಂದೊಂದಾಗಿ ಖಾಲಿಯಾದವು. ಮಾವನವರು ಆಗಲೇ ನಿವೃತ್ತರಾಗಿದ್ದರು. ಭದ್ರಾವತಿಯಲ್ಲಿ ವೈರಿಂಗ್ ಕೆಲಸ ಮಾಡಿಸುತ್ತಿದ್ದ ನನ್ನ ಗಂಡ ಒಂದು ದಿನ ಕರಾವಳಿಯ ಕಡೆಯಿಂದ ಹಳೆಯ ಫೈಬರ್ ಬೋಟೊಂದನ್ನು ಟ್ರೇಲರ್ ಸಮೇತ ತಂದು ಮನೆಯ ಮುಂದೆ ನಿಲ್ಲಿಸಿದರು. ಭದ್ರಾ ಅಣೆಕಟ್ಟೆಯ ಹಿನ್ನೀರಿಗೆ ಬರುವ ಪ್ರವಾಸಿಗಳನ್ನು ಒಂದು ಸುತ್ತು ಹಾಕಿಸುವುದು ಅವರ ಯೋಚನೆ. ಬೋಟಿನ ಹಿಂಬದಿಯಲ್ಲಿ ಪೆಟ್ರೋಲ್ ಮೋಟರು, ನೆಲದ ಹಲಗೆಯ ಕೆಳಗೆ ಟ್ಯಾಂಕು. ಮಾವನವರು ಬೋಟಿನ ಸುತ್ತ ಒಂದು ಸಲ ನಡೆದರು, ಟ್ಯಾಂಕು ಎಲ್ಲಿದೆ ಎಂದು ಕೇಳಿದರು, ಒಳಗೆ ಹೋಗಿ ಮಲಗಿಬಿಟ್ಟರು. ಆ ದಿನ ಊಟ ಮಾಡಲಿಲ್ಲ.

ನನ್ನ ಗಂಡನಿಗೆ ಬಿಡುವು ಸಿಗುತ್ತಿದ್ದುದು ವಾರದ ಕೊನೆಗೆ ಮಾತ್ರ. ಉಳಿದ ದಿನ ಬೋಟನ್ನು ಯಾರು ನೋಡಿಕೊಳ್ಳುವುದು ಎಂಬ ಪ್ರಶ್ನೆ ಬಂದಾಗ ನಾನು ಕಲಿಯುತ್ತೇನೆ ಎಂದೆ. ಹೇಳಿದ್ದೇನೋ ಹೇಳಿದೆ, ನನಗೆ ನೀರೆಂದರೆ ಜೀವ ಹೋಗುವಷ್ಟು ಭಯ. ನಮ್ಮ ಕಡೆ ನೀರೆಂದರೆ ಬಾವಿ, ಬಾವಿಯೆಂದರೆ ಬಗ್ಗಿ ನೋಡಬಾರದ ಜಾಗ. ಮಾವನವರಿಗೆ ಇದು ಹೇಗೋ ತಿಳಿಯಿತು. ಮಾರನೆಯ ದಿನ ತಾವಾಗಿಯೇ ಬಂದು ಹೇಳಿದರು:

"ನಿಂಗೆ ನೀರಿನ ಭಯ, ನಂಗೆ ಬೆಂಕಿ ಭಯ. ಇಬ್ರೂ ಸೇರಿ ಬೋಟ್ ನಡ್ಸೋಣ ಮಾರಾಯ್ತಿ. ಅವನೊಬ್ಬನ ಕೈಗೆ ಬಿಟ್ರೆ ಉಳಿಯೋದಿಲ್ಲ. ಅವ್ನಿಗೆ ಎರಡೂ ಇಲ್ಲ."

ಬೋಟು ನಡೆಸುವುದನ್ನು ನಾನು ಕಲಿತದ್ದು ಹಾಗೆ. ಚುಕ್ಕಾಣಿ ಹಿಡಿಯಲು ನಾನು ಹಿಂಜರಿದರೆ ಅವರು ಧೈರ್ಯ ಹೇಳುತ್ತಿರಲಿಲ್ಲ. "ಹೆದ್ರಿಕೊಂಡೇ ಮಾಡು. ಹೆದ್ರಿಕೆ ಹೋಗ್ಲಿ ಅಂತ ಕಾಯ್ಬೇಡ" ಎನ್ನುತ್ತಿದ್ದರು. ಎಷ್ಟೋ ಜನ ನನಗೆ ಧೈರ್ಯ ಹೇಳಿದ್ದಾರೆ, ಒಂದೂ ನೆನಪಿಲ್ಲ.

ನೀರಿನ ಮೇಲೆ ಬೋಟು ತೊಂದರೆ ಕೊಡುತ್ತಿರಲಿಲ್ಲ. ಅದರ ತಕರಾರೆಲ್ಲ ಪೆಟ್ರೋಲ್ ತುಂಬಿಸಿಕೊಳ್ಳುವಾಗ. ಅಂಚಿನಲ್ಲಿ ಟ್ಯಾಂಕಿನ ಬಾಯಿ ಇತ್ತು. ಅಲ್ಲಿಂದ ರಬ್ಬರ್ ಪೈಪೊಂದು ನೆಲದ ಕೆಳಗೆ ಹಾದು ಟ್ಯಾಂಕಿಗೆ ಸೇರುತ್ತಿತ್ತು. ಬಂಕಿನವರು ನಾಜಲ್ ಇಟ್ಟು ಒತ್ತಿದರೆ ಒಂದು ಲೋಟದಷ್ಟು ಹೋಗುವುದರೊಳಗೆ ಟಕ್ಕೆಂದು ನಿಂತುಬಿಡುತ್ತಿತ್ತು. ಮತ್ತೆ ಒತ್ತಬೇಕು, ಮತ್ತೆ ಟಕ್. ಜೋರಾಗಿ ಒತ್ತಿದರೆ ಪೆಟ್ರೋಲು ಬಾಯಿಯಿಂದ ಉಗಿದಂತೆ ಹೊರಗೆ ಚಿಮ್ಮುತ್ತಿತ್ತು. ಒಂದು ಸಲ ನನ್ನ ಸೀರೆಯ ಮೇಲೆಲ್ಲ ಚಿಮ್ಮಿತು. ಮಾವನವರು ನನ್ನನ್ನು ಬಂಕಿನ ನಲ್ಲಿಯ ಕೆಳಗೆ ನಿಲ್ಲಿಸಿ, ಸೀರೆ ನೆನೆದು ತೊಪ್ಪೆಯಾಗುವವರೆಗೆ ನೀರು ಸುರಿದರು. ನಾಚಿಕೆಯಿಂದ ನಾನು ಅತ್ತುಬಿಟ್ಟೆ. ಅವರು ನಿಲ್ಲಿಸಲಿಲ್ಲ.

ಕಾರಣ ಹುಡುಕಿದ್ದೂ ಅವರೇ. ಟ್ಯಾಂಕಿಗೆ ಇನ್ನೊಂದು ಸಣ್ಣ ಕೊಳವೆ ಇತ್ತು. ಒಳಗೆ ಪೆಟ್ರೋಲು ಸೇರಿದಷ್ಟೂ ಒಳಗಿನ ಗಾಳಿ ಅದರ ಮೂಲಕ ಹೊರಗೆ ಬರಬೇಕು. ಬೋಟಿನ ಪಕ್ಕದಲ್ಲಿ ಅದರ ಬಾಯಿ, ಕಿರುಬೆರಳೂ ತೂರದಷ್ಟು ಚಿಕ್ಕದು. ಮಾವನವರು ಒಂದು ಮಧ್ಯಾಹ್ನ ಅದರೊಳಗೆ ತೆಂಗಿನ ಗರಿಯ ಕಡ್ಡಿ ಹಾಕಿ ಕೆದಕಿದಾಗ ಕಣಜದ ಮಣ್ಣಿನ ಗೂಡು ಪುಡಿಪುಡಿಯಾಗಿ ಉದುರಿತು. ಗಾಳಿ ಹೋಗಲು ದಾರಿಯಿಲ್ಲದೆ ಟ್ಯಾಂಕು ಪೆಟ್ರೋಲನ್ನು ವಾಪಸು ಉಗುಳುತ್ತಿತ್ತು. ಅಂದಿನಿಂದ ಚಿಮ್ಮುವುದು ನಿಂತಿತು. ಟಕ್ಕೆನ್ನುವುದು ಮಾತ್ರ ಪೂರ್ತಿ ಹೋಗಲಿಲ್ಲ. ನೆಲದ ಕೆಳಗೆ ರಬ್ಬರ್ ಪೈಪು ಒಂದು ಕಡೆ ಜೋತುಬಿದ್ದಿದೆ, ಅಲ್ಲಿ ಪೆಟ್ರೋಲು ನಿಂತು ಗಾಳಿಗೆ ಅಡ್ಡವಾಗುತ್ತದೆ ಎಂದರು. ನಿಧಾನಕ್ಕೆ ತುಂಬಿಸಿದರೆ ಕೆಲಸ ನಡೆಯುತ್ತಿತ್ತು. ತುಂಬಿಸುವಷ್ಟು ಹೊತ್ತೂ ಅವರು ಆ ಸಣ್ಣ ಕೊಳವೆಯ ಬಾಯಿಗೆ ಅಂಗೈ ಒಡ್ಡಿಕೊಂಡು ನಿಲ್ಲುತ್ತಿದ್ದರು. ಹಿಂದೆ ನಿಂತವರು ಹಾರನ್ ಹೊಡೆಯುತ್ತಿದ್ದರು.

ಆ ವರ್ಷ ಮಳೆಗಾಲ ಕಳೆದ ಮೇಲೆ ಬೋಟಿನ ತಳದಲ್ಲಿ ಸೀಳು ಕಾಣಿಸಿಕೊಂಡಿತು. ಶಿವಮೊಗ್ಗದಲ್ಲಿ ಫೈಬರ್ ಕೆಲಸ ಮಾಡುವವರೊಬ್ಬರ ಬಳಿ ಬಿಟ್ಟೆವು. ಅವರು ನೆಲದ ಹಲಗೆ ಎತ್ತಿ, ತಳಕ್ಕೆ ಹೊಸ ಪದರ ಕೊಟ್ಟು, ಜೊತೆಗೆ ಒಂದು ಹೊಸ ಅನುಕೂಲವನ್ನೂ ಮಾಡಿಕೊಟ್ಟರು. ಬೋಟಿನ ಹಿಂಬದಿಯ ತಳದಲ್ಲಿ ಒಂದು ಸಣ್ಣ ಪಂಪು. ಅದರ ಪಕ್ಕ ತೇಲುವ ಸ್ವಿಚ್ಚು. ತಳದಲ್ಲಿ ನೀರು ಸೇರಿ ಸ್ವಿಚ್ಚು ಮೇಲಕ್ಕೆದ್ದರೆ ಪಂಪು ತಾನಾಗಿಯೇ ಓಡಿ ನೀರನ್ನು ಹೊರಗೆ ಹಾಕುತ್ತದೆ. ಕೀ ತಿರುಗಿಸುವುದೂ ಬೇಡ, ನೇರ ಬ್ಯಾಟರಿಯಿಂದಲೇ ಸಂಪರ್ಕ. ನೀರಿಗೆ ಹೆದರುವ ನನಗೆ ಅದನ್ನು ಕಂಡು ಎಷ್ಟು ಸಮಾಧಾನವಾಯಿತೆಂದರೆ ಅವರಿಗೆ ಎರಡೆರಡು ಸಲ ನಮಸ್ಕಾರ ಹೇಳಿದೆ.

ಬೋಟನ್ನು ಹಳೆಯ ಜೀಪಿನ ಹಿಂದೆ ಕಟ್ಟಿಕೊಂಡು ಹೊರಟೆವು. ಭಾನುವಾರದ ಬೆಳಗ್ಗೆ. ನನ್ನ ಗಂಡ ಜೀಪು ನಡೆಸುತ್ತಿದ್ದರು. ಊರು ದಾಟುವ ಮೊದಲು ಭದ್ರಾವತಿ ರಸ್ತೆಯ ಒಂದು ಬಂಕಿನಲ್ಲಿ ಟ್ಯಾಂಕು ತುಂಬಿಸಿಕೊಂಡರೆ ನೇರ ಹಿನ್ನೀರಿಗೇ ಹೋಗಬಹುದೆಂದು ಅಲ್ಲಿ ನಿಲ್ಲಿಸಿದೆವು. ಬಂಕಿನ ಅಂಗಳ ರಸ್ತೆಯ ಕಡೆಗೆ ಏರಾಗಿತ್ತು. ಜೀಪು ಏರಿನಲ್ಲಿ, ಬೋಟಿನ ಹಿಂಬದಿ ಇಳಿಜಾರಿನಲ್ಲಿ ನಿಂತವು. ನಮ್ಮ ಪಕ್ಕದ ಸಾಲಿನಲ್ಲಿ ನಿಶ್ಚಿತಾರ್ಥಕ್ಕೆ ಹೊರಟ ಒಂದು ಮಿನಿ ಬಸ್ಸು ಡೀಸೆಲ್ ಹಾಕಿಸುತ್ತಿತ್ತು. ಹೂ ಮುಡಿದ ಹೆಂಗಸರು, ಕಿಟಕಿಯಲ್ಲಿ ಮಕ್ಕಳ ಕೈಗಳು, ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಹಣ್ಣಿನ ತಟ್ಟೆ ಇಟ್ಟುಕೊಂಡ ಒಬ್ಬ ಅಜ್ಜಿ.

ಬಂಕಿನ ಕೆಲಸದ ಹೆಂಗಸು ನಾಜಲ್ ಇಟ್ಟು ಒತ್ತಿದಳು. ಟಕ್ಕೆನ್ನಲಿಲ್ಲ. ಪೆಟ್ರೋಲು ಒಂದೇ ಸಮನೆ, ತಡೆಯಿಲ್ಲದೆ ಹೋಗುತ್ತಿತ್ತು. ರಿಪೇರಿಯವರು ಪೈಪನ್ನೂ ಸರಿಮಾಡಿರಬೇಕು, ಇಷ್ಟು ದಿನದ ಕಾಟ ತಪ್ಪಿತು ಎಂದು ನನ್ನ ಗಂಡ ಖುಷಿಯಾಗಿ ಹೇಳಿದರು. ನನಗೂ ಹಗುರವಾಯಿತು. ಮಾವನವರ ಕಡೆ ತಿರುಗಿದೆ. ಅವರು ಎಂದಿನಂತೆ ಸಣ್ಣ ಕೊಳವೆಯ ಬಾಯಿಗೆ ಅಂಗೈ ಹಿಡಿದಿದ್ದರು. ಕೈ ತೆಗೆದು ಅಂಗೈ ನೋಡಿಕೊಂಡರು. ಮತ್ತೆ ಒಡ್ಡಿದರು.

"ತಾಯಿ, ಕೈ ಬಿಡು. ನಿಲ್ಸು" ಎಂದರು ಆ ಹೆಂಗಸಿಗೆ. ಜೋರಾಗಿ ಅಲ್ಲ. ನಿದ್ದೆ ಮಾಡುವ ಮಗುವಿನ ಪಕ್ಕ ಮಾತಾಡಿದ ಹಾಗೆ.

ಅವಳು ನಿಲ್ಲಿಸಿದಳು. ನನ್ನ ಗಂಡ ಏನಾಯಿತೆಂದು ಕೇಳಿದರು.

"ಗಾಳಿ ಬರ್ತಿಲ್ಲ" ಎಂದರು ಮಾವ. "ಇಷ್ಟು ಎಣ್ಣೆ ಟ್ಯಾಂಕಿಗೆ ಹೋಗಿದ್ರೆ ಅಷ್ಟು ಗಾಳಿ ಹೊರಗೆ ಬರ್ಬೇಕಿತ್ತು. ಟ್ಯಾಂಕಿಗೆ ಹೋಗಿಲ್ಲ ಇದು."

ಮತ್ತೆ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಬೇಕಾಗಿರಲಿಲ್ಲ. ಅಷ್ಟರಲ್ಲಿ ವಾಸನೆ ಬಂತು. ಬಂಕಿನಲ್ಲಿ ಯಾವಾಗಲೂ ಇರುವ ವಾಸನೆಯಲ್ಲ, ಗಂಟಲು ಹಿಡಿಯುವ, ಸಿಹಿಯಂಥ, ಭಾರದ ವಾಸನೆ. ರಿಪೇರಿಯಲ್ಲಿ ಬಿಚ್ಚಿದ ರಬ್ಬರ್ ಪೈಪಿಗೆ ಮತ್ತೆ ಕ್ಲಿಪ್ ಬಿಗಿದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು. ದಾರಿಯ ಕುಲುಕಾಟಕ್ಕೆ ಪೈಪು ಟ್ಯಾಂಕಿನಿಂದ ಕಳಚಿಕೊಂಡಿತ್ತು. ನಾವು ತುಂಬಿಸಿದ್ದೆಲ್ಲ ಬೋಟಿನ ತಳಕ್ಕೆ ಸುರಿದಿತ್ತು. ಬೋಟು ನಿಂತದ್ದು ಇಳಿಜಾರಿನಲ್ಲಿ. ಪೆಟ್ರೋಲು ಹಿಂದಕ್ಕೆ, ಪಂಪು ಇದ್ದ ಕಡೆಗೆ ಹರಿಯುತ್ತಿತ್ತು.

ಆ ಪಂಪು ನನಗೆ ನೆನಪಾದದ್ದೂ ಮಾವನವರು ಅದರ ಹೆಸರು ಹೇಳಿದ್ದೂ ಒಂದೇ ಗಳಿಗೆಯಲ್ಲಿ. ಪೆಟ್ರೋಲಿಗೂ ನೀರಿಗೂ ಆ ಸ್ವಿಚ್ಚಿಗೆ ವ್ಯತ್ಯಾಸ ಗೊತ್ತಿಲ್ಲ. ಅದು ತೇಲಿದ ಕ್ಷಣ ಪಂಪು ತಿರುಗುತ್ತದೆ, ಎಲ್ಲೋ ಒಂದು ಕಿಡಿ ಹಾರಬಹುದು. ಹಾರದಿದ್ದರೆ ಪೆಟ್ರೋಲನ್ನೆಲ್ಲ ಬಂಕಿನ ಅಂಗಳಕ್ಕೆ, ಬಸ್ಸಿನ ಚಕ್ರಗಳ ಅಡಿಗೆ ಸುರಿಯುತ್ತದೆ. ನನ್ನ ಗಂಡ ಬ್ಯಾಟರಿಯ ವೈರು ತೆಗೆಯುತ್ತೇನೆಂದು ಬೋಟಿಗೆ ಕಾಲು ಹಾಕಿದರು. ಮಾವ ಅವರ ಅಂಗಿಯ ಕಾಲರು ಹಿಡಿದು ಎಳೆದರು. ಬ್ಯಾಟರಿ ಇದ್ದದ್ದೂ ಹಿಂಬದಿಯ ಪೆಟ್ಟಿಗೆಯಲ್ಲೇ, ಆ ಆವಿಯ ನಡುವೆ.

"ಅಲ್ಲಿ ಕೈ ಹಾಕ್ಬೇಡ. ಜನಾನ ಇಳ್ಸು ಮೊದ್ಲು."

ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತ್ತು. ನಾನು ಕಾಯುತ್ತಿದ್ದುದು ಒಂದೇ ಸದ್ದಿಗಾಗಿ, ಆ ಪಂಪಿನ ಗುರ್ರೆನ್ನುವ ಸದ್ದು. ಅದು ಕೇಳಿಸಿದರೆ ಆಮೇಲೆ ಕೇಳಿಸಿಕೊಳ್ಳಲು ಯಾರೂ ಇರುವುದಿಲ್ಲ ಎಂಬುದು ಗೊತ್ತಿದ್ದೂ ಕಿವಿ ಅಲ್ಲೇ ನಿಂತಿತ್ತು. ಮಾವ ನನ್ನ ಮುಖಕ್ಕೆ ಮುಖ ತಂದು, ಬಸ್ಸಿನಲ್ಲಿರುವವರನ್ನು ಇಳಿಸಿ ರಸ್ತೆಯಾಚೆ ಕರೆದುಕೊಂಡು ಹೋಗು, ಯಾರೂ ಓಡಬಾರದು, ಯಾರೂ ಫೋನು ಮುಟ್ಟಬಾರದು ಎಂದರು. ಓಡಿದರೆ ಬೀಳುತ್ತಾರೆ, ಬಿದ್ದವರನ್ನು ಎತ್ತಲು ವಾಪಸು ಬರಬೇಕಾಗುತ್ತದೆ.

ಬಸ್ಸಿನವರಿಗೆ ನಾನು ಏನು ಹೇಳಿದೆನೋ ಇವತ್ತಿಗೂ ನೆನಪಿಲ್ಲ. ಪೆಟ್ರೋಲು ಸೋರಿದೆ, ಇಳಿಯಿರಿ ಎಂದಿರಬೇಕು. ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಇಳಿದರು. ಹಣ್ಣಿನ ತಟ್ಟೆಯ ಅಜ್ಜಿ ತಟ್ಟೆ ಬಿಡಲೊಲ್ಲರು. ತಟ್ಟೆ ಸಮೇತ ಅವರ ರಟ್ಟೆ ಹಿಡಿದು ಇಳಿಸಿದೆ. ಗಂಡಸರಲ್ಲಿ ಒಬ್ಬರು ಫೋನು ಎತ್ತಿ ವಿಡಿಯೊ ಮಾಡತೊಡಗಿದ್ದರು. ಅವರ ಹೆಂಡತಿಯೇ ಅದನ್ನು ಕಿತ್ತು ಸೆರಗಿನಲ್ಲಿ ಸುತ್ತಿಕೊಂಡರು. ಬಂಕಿನ ಮ್ಯಾನೇಜರು ಮೊದಲು ನಮ್ಮ ಮೇಲೆ ರೇಗಿದರು. ಆಮೇಲೆ ಬೋಟಿನ ಹತ್ತಿರ ಬಂದು ಒಂದು ಉಸಿರು ಎಳೆದವರು ನೇರ ಹೋಗಿ, ದೂರದ ಕೋಣೆಯಲ್ಲಿದ್ದ ಮೇನ್ ಸ್ವಿಚ್ ತೆಗೆದು, ಅಲ್ಲಿಂದಲೇ ಅಗ್ನಿಶಾಮಕ ಠಾಣೆಗೆ ಫೋನು ಮಾಡಿದರು.

ತೊಂದರೆ ಕೊಟ್ಟದ್ದು ಬಸ್ಸಿನ ಡ್ರೈವರು. ಜನ ಇಳಿದಾಯಿತಲ್ಲ, ಬಸ್ಸನ್ನು ಹೊರಗೆ ತೆಗೆದುಬಿಡುತ್ತೇನೆ, ಒಂದು ಸೆಕೆಂಡಿನ ಕೆಲಸ ಎಂದು ಸೀಟಿಗೆ ಹತ್ತಿದರು. ಅವರ ಮನಸ್ಸಿನಲ್ಲಿ ಅದು ಸಹಾಯವೇ. ಕೀ ಹಾಕಿ ಕೂತಿದ್ದರು. ಮಾವನವರು ಬಾಗಿಲ ಮೆಟ್ಟಿಲ ಮೇಲೆ ನಿಂತು ಎರಡೂ ಕೈ ಜೋಡಿಸಿದರು. ನಾನು ರಸ್ತೆಯಾಚೆಯಿಂದ ವಾಪಸು ಬರುತ್ತಿದ್ದೆ.

"ಕೈ ಮುಗೀತೀನಿ, ತಿರುಗಿಸ್ಬೇಡಿ. ನಂಗೆ ಗೊತ್ತು ಇದು. ನೋಡಿ ಇಲ್ಲಿ" ಎಂದು ತಲೆ ತಿರುಗಿಸಿ ಆ ಕಿವಿ ತೋರಿಸಿದರು.

ತಾವಾಗಿ ಯಾರಿಗೂ ತೋರಿಸದ ಕಿವಿ. ಡ್ರೈವರು ಅದನ್ನು ನೋಡಿದರು, ಕೀ ತೆಗೆದು ಮಾವನವರ ಕೈಗೇ ಕೊಟ್ಟು ಇಳಿದು ಹೋದರು. ಮಾವ ಅದನ್ನು ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡರು.

ಈಗ ಬೋಟಿನ ಬಳಿ ಉಳಿದವರು ನಾವು ಮೂವರೇ. ಅಗ್ನಿಶಾಮಕದವರು ಬರುವವರೆಗೆ ನಾವೂ ದೂರ ಹೋಗಬಹುದಿತ್ತು. ಆದರೆ ಪೆಟ್ರೋಲು ಹಿಂದಕ್ಕೆ ಹರಿಯುವುದು ನಿಂತಿರಲಿಲ್ಲ. ಬೋಟಿನ ಮೂತಿ ಸ್ವಲ್ಪ ಕೆಳಗಾದರೆ ಸಾಕು, ಅದು ಮುಂದಕ್ಕೆ ಹರಿದು ಸ್ವಿಚ್ಚಿನಿಂದ ದೂರವಾಗುತ್ತದೆ. ಟ್ರೇಲರನ್ನು ಜೀಪಿನಿಂದ ಬಿಡಿಸಿ ಮೂತಿಯನ್ನು ನೆಲಕ್ಕೆ ಇಳಿಸೋಣ ಎಂದು ನನ್ನ ಗಂಡ ಕೊಂಡಿಗೆ ಕೈ ಹಾಕಿದರು. ಆ ಕೊಂಡಿ ಜೀಪಿನ ಹಿಂದಿನ ಕಬ್ಬಿಣದ ಗುಂಡಿನ ಮೇಲೆ ಕೂರುವಂಥದ್ದು. ಬಿಡಿಸಬೇಕಾದರೆ ಮೊದಲು ಒಂದು ಗೇಣು ಮೇಲಕ್ಕೆ ಎತ್ತಬೇಕು.

"ಎತ್ಬೇಡ" ಎಂದರು ಮಾವ. "ಎತ್ತಿದ್ರೆ ಇರೋದೆಲ್ಲ ಹಿಂದಕ್ಕೆ ಹೋಗುತ್ತೆ."

ನನ್ನ ಗಂಡ ಕೈ ಹಿಂದಕ್ಕೆ ತೆಗೆದರು. ಮೂವರೂ ಆ ಕೊಂಡಿಯನ್ನೇ ನೋಡುತ್ತ ನಿಂತೆವು. ಎತ್ತುವಂತಿಲ್ಲ, ಜೀಪು ಚಾಲೂ ಮಾಡುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಬಿಸಿಲು ಏರುತ್ತಿತ್ತು, ವಾಸನೆಯೂ ಏರುತ್ತಿತ್ತು. ನಾನು ಮನಸ್ಸಿನಲ್ಲಿ ದೇವರನ್ನು ಕರೆಯಲು ನೋಡಿದೆ, ಯಾವ ಹೆಸರೂ ಬಾಯಿಗೆ ಬರಲಿಲ್ಲ. ಮಾವ ನೆಲದ ಮೇಲೆ ಕೂತರು. ಕುಸಿದರೇನೋ ಎಂದುಕೊಂಡೆ. ಕುಸಿದಿರಲಿಲ್ಲ. ಜೀಪಿನ ಹಿಂದಿನ ಚಕ್ರದ ಹತ್ತಿರ ತೆವಳಿ, ಗಾಳಿ ತುಂಬುವ ಬಾಯಿಯ ಮುಚ್ಚಳ ತಿರುಪುತ್ತಿದ್ದರು.

"ಆ ಕಡೆ ಚಕ್ರದ್ದು ನೀನು ಬಿಡು" ಎಂದರು ಮಗನಿಗೆ. ನನಗೆ ಒಂದು ತೆಂಗಿನ ಗರಿಯ ಕಡ್ಡಿ ಹುಡುಕಿ ಕೊಡು ಎಂದರು. ಬಂಕಿನ ಮೂಲೆಯ ಪೊರಕೆಯಿಂದ ಕಿತ್ತು ತಂದೆ.

ಚಕ್ರಗಳಿಂದ ಗಾಳಿ ಹೊರಟಿತು. ಉಸ್ಸೆನ್ನುವ ಸದ್ದು ಬಿಟ್ಟರೆ ಅಲ್ಲಿ ಬೇರೆ ಏನೂ ಇರಲಿಲ್ಲ. ಜೀಪಿನ ಹಿಂಬದಿ ಸ್ವಲ್ಪಸ್ವಲ್ಪವಾಗಿ ಕೂರತೊಡಗಿತು, ಅದರೊಂದಿಗೆ ಕೊಂಡಿ, ಕೊಂಡಿಯೊಂದಿಗೆ ಬೋಟಿನ ಮೂತಿ. ನಾನು ಮಾವನವರ ಪಕ್ಕ ಮಂಡಿಯೂರಿ, ಗಾಳಿ ತುಂಬುವ ಬಾಯಿಯೊಳಗೆ ಕಡ್ಡಿಯನ್ನು ಒತ್ತಿ ಹಿಡಿದಿದ್ದೆ, ಅವರ ಬೆರಳುಗಳಿಗೆ ಹಿಡಿತ ಸಿಗುತ್ತಿರಲಿಲ್ಲ. ನನ್ನನ್ನು ಹೋಗು ಎಂದರು. ಹೋಗುವುದಿಲ್ಲ ಎಂದೆ. ಭಯವಾಗುತ್ತಿದೆಯಾ ಎಂದು ಕೇಳಿದರು. ಹೂಂ ಎಂದೆ.

"ನಂಗೂ" ಎಂದರು. "ಕಡ್ಡಿ ಬಿಡ್ಬೇಡ."

ಚಕ್ರಗಳು ರಿಮ್ಮಿನವರೆಗೆ ಕೂತವು. ಆಗ ಬೋಟಿನ ನೆಲದ ಕೆಳಗೆ ಏನೋ ಹೊರಳಿದ ಸದ್ದಾಯಿತು. ಮಲಗಿದ್ದ ಪ್ರಾಣಿ ಮಗ್ಗುಲು ಬದಲಿಸಿದ ಹಾಗೆ, ಗುಳುಗುಳು ಎನ್ನುತ್ತ ಹಿಂದಿನಿಂದ ಮುಂದಕ್ಕೆ. ನಾನು ಕಣ್ಣು ಮುಚ್ಚಿದೆ. ಪಂಪು ಓಡಲಿಲ್ಲ. ಮಾವ ನನ್ನ ಭುಜ ತಟ್ಟಿ, ಈಗ ನಡೆ, ಓಡಬೇಡ ಎಂದರು. ಮೂವರೂ ನಡೆದು ರಸ್ತೆ ದಾಟಿದೆವು. ಅಷ್ಟು ಉದ್ದದ ರಸ್ತೆಯನ್ನು ನಾನು ಮತ್ತೆಂದೂ ದಾಟಿಲ್ಲ.

ಅಗ್ನಿಶಾಮಕದವರು ಬಂದು ನೊರೆ ಹಾಯಿಸಿ, ಕಾದು, ಬೋಟನ್ನು ಬರಿದು ಮಾಡಿದರು. ಹಲಗೆ ಎತ್ತಿ ನೋಡಿದ ಅವರ ಮುಖ್ಯಸ್ಥರು ನನ್ನ ಗಂಡನನ್ನು ಕರೆದು ತೋರಿಸಿದರಂತೆ. ಪೆಟ್ರೋಲು ಒದ್ದೆ ಮಾಡಿದ ಗೆರೆ ತೇಲುವ ಸ್ವಿಚ್ಚಿಗೆ ಒಂದು ಬೆರಳು ಕೆಳಗೆ ನಿಂತಿತ್ತು. ನಾನು ಹೋಗಿ ನೋಡಲಿಲ್ಲ. ಬಸ್ಸಿನವರು ಮಾವನವರಿಂದ ಕೀ ಇಸಿದುಕೊಂಡು, ತಮ್ಮ ಮುಹೂರ್ತಕ್ಕೆ ತಡವಾಗಿದ್ದನ್ನು ಹೇಳಿಕೊಳ್ಳುತ್ತ ಮತ್ತೆ ಬಸ್ಸು ಹತ್ತಿದರು. ಅಜ್ಜಿ ಮಾತ್ರ ಮಾವನವರ ಕೈಗೆ ತಟ್ಟೆಯಿಂದ ಒಂದು ಮೂಸಂಬಿ ಕೊಟ್ಟರು. ಅವರು ಅದನ್ನು ಹಿಡಿದುಕೊಳ್ಳಲಾರದೆ ಬೀಳಿಸಿದರು.

ಮನೆಗೆ ಬಂದ ಮೇಲೆ ನಾನು ಒಲೆ ಹಚ್ಚಲಾರದೆ ಹೋದೆ. ಲೈಟರು ಕೈಯಲ್ಲಿ ಹಿಡಿದು ನಿಂತರೆ ಬೆರಳು ಒತ್ತುತ್ತಿರಲಿಲ್ಲ. ಎಷ್ಟೋ ದಿನ ನನ್ನ ಗಂಡನೇ ಹಚ್ಚಿಕೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಅಂಥ ಒಂದು ಮಧ್ಯಾಹ್ನ, ಚಹಾ ಬೇಕೆಂದು ಕೇಳಲು ಬಂದ ಮಾವನವರು ನಾನು ಒಲೆಯ ಮುಂದೆ ಅಳುತ್ತ ನಿಂತಿರುವುದನ್ನು ನೋಡಿದರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು, ಯಾರಿಗೂ ಹೇಳದೆ ಇದ್ದದ್ದನ್ನು ಹೇಳಿದರು.

ಮಿಲ್ಲಿಗೆ ಸೇರುವ ಮೊದಲು ಅವರು ಬೇರೆ ಊರಿನ ಒಂದು ಲಾರಿ ಗ್ಯಾರೇಜಿನಲ್ಲಿದ್ದರಂತೆ. ಜೊತೆಗೊಬ್ಬ ಗೆಳೆಯ, ಒಂದೇ ಕೋಣೆ, ಒಂದೇ ತಟ್ಟೆಯ ಊಟ. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಪೆಟ್ರೋಲಿನ ಡ್ರಮ್ಮು ಸೋರುತ್ತಿದೆ ಎಂಬ ವಾಸನೆ ಬಂತು. ಗೆಳೆಯ ಎಂಥ ಗಟ್ಟಿಗನೆಂದರೆ ಹಾವನ್ನು ಬರಿಗೈಲಿ ಹಿಡಿಯುತ್ತಿದ್ದವನು. ನೋಡಿಕೊಂಡು ಬರ್ತೀನಿ ಎಂದು ಒಳಗೆ ಹೋದ. ಕತ್ತಲೆ ಇತ್ತು, ದೀಪದ ಸ್ವಿಚ್ಚು ಒತ್ತಿದ. ಮಾವ ಬಾಗಿಲ ಬಳಿ ನಿಂತಿದ್ದರು, ಎಡಗಿವಿ ಒಳಗಡೆಗೆ.

"ಒಳಗೆ ಹೋಗೋಕೆ ಹೆದ್ರಿಕೊಂಡು ನಿಂತಿದ್ದೆ ನಾನು. ಅವ್ನು ನಕ್ಕ. ನಗ್ತಾನೇ ಹೋದ" ಎಂದರು. ನನ್ನ ಕೈಯಲ್ಲಿದ್ದ ಲೈಟರು ನೋಡಿ ಹೇಳಿದರು: "ನಂಗೆ ಅವತ್ತಿನಿಂದ ಬೆಂಕಿಕಡ್ಡಿ ಕಂಡ್ರೂ ಭಯ. ಆದ್ರೂ ದಿನಾ ದೇವ್ರ ದೀಪ ನಾನೇ ಹಚ್ತೀನಲ್ಲ. ಬಾ, ಹಚ್ಚು."

ಅವರು ಎದ್ದು ಬಂದು ಪಕ್ಕದಲ್ಲಿ ನಿಂತರು. ಇಬ್ಬರೂ ಒಂದು ಉಸಿರು ಎಳೆದು ನೋಡಿದೆವು. ನಾನು ಒಲೆ ಹಚ್ಚಿದೆ. ಚಹಾ ಮಾಡಿದೆ. ಅದರಲ್ಲಿ ಸಕ್ಕರೆ ಹಾಕಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು, ಅವರು ಪೂರ್ತಿ ಕುಡಿದು ಮುಗಿಸಿದ್ದರು.

ಬೋಟನ್ನು ಮಾರಿಬಿಡೋಣ ಎಂದು ನನ್ನ ಗಂಡ ಹೇಳಿದಾಗ ಬೇಡ ಎಂದವರು ಮಾವನವರೇ. ಪೈಪು ಹೊಸದಾಗಿ ಹಾಕಿಸಿದರು, ಎರಡೆರಡು ಕ್ಲಿಪ್ ಬಿಗಿಸಿ ತಾವೇ ಎಳೆದು ನೋಡಿದರು, ಪಂಪನ್ನು ಕೈಯಿಂದ ಚಾಲೂ ಮಾಡುವ ಹಾಗೆ ಬದಲಿಸಿದರು. ಆಮೇಲಿಂದ ಟ್ಯಾಂಕು ತುಂಬಿಸುವ ಪ್ರತಿಸಲವೂ ಹಲಗೆ ಎತ್ತಿಟ್ಟು, ತಳ ನೋಡಿ, ವಾಸನೆ ನೋಡಿ, ಗಾಳಿಗೆ ಬಿಟ್ಟು ಕಾಯುವುದು. ಬೋಟಿನಲ್ಲಿ ಒಬ್ಬರೂ ಕೂತಿರಬಾರದು. ಪ್ರವಾಸಿಗಳು ಬೇಸರಪಟ್ಟುಕೊಂಡು ಗಡಿಯಾರ ನೋಡುತ್ತಿದ್ದರು. ಕೆಲವರು ಎದ್ದು ಹೋದದ್ದೂ ಉಂಟು. ಹೋದವರನ್ನು ಅವರು ತಡೆಯಲಿಲ್ಲ. ನಾನೂ ತಡೆಯಲಿಲ್ಲ. ಅವರೊಂದಿಗೆ ಹೆದರುವುದು ನನಗೆ ರೂಢಿಯಾಗಿತ್ತು, ಅದರಲ್ಲಿ ನಾಚಿಕೆಯೂ ಉಳಿದಿರಲಿಲ್ಲ.

ಹೋದ ವರ್ಷ ಅವರಿಗೆ ಮೂತ್ರಪಿಂಡದ ತೊಂದರೆ ಬಿಗಡಾಯಿಸಿತು. ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಇನ್ನು ಮಾಡುವುದೇನೂ ಇಲ್ಲ ಎಂದು ಡಾಕ್ಟರು ನಮಗೆ ಹೇಳಿದ್ದರು. ಅವರಿಗೆ ನಾವು ಹೇಳಿರಲಿಲ್ಲ, ಆದರೆ ನಮ್ಮ ಮುಖಗಳನ್ನು ಅವರು ಓದಿರಬೇಕು. ಒಂದು ಮಧ್ಯಾಹ್ನ ನನ್ನ ಗಂಡ ಔಷಧಿ ತರಲು ಕೆಳಗೆ ಹೋಗಿದ್ದರು. ಕಿಟಕಿಯಿಂದ ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಪರದೆ ಎಳೆಯಲೆಂದು ಎದ್ದೆ. ಬೇಡ ಎಂದು ಕಣ್ಣಲ್ಲೇ ಹೇಳಿದರು. ಅವರ ತುಟಿ ಏನೋ ಹೇಳಲು ನೋಡುತ್ತಿತ್ತು. ಬಗ್ಗಿದೆ.

"ಹೆದ್ರಿಕೆ ಆಗ್ತಿದೆ ಮಾರಾಯ್ತಿ" ಎಂದರು.

ಏನೂ ಆಗುವುದಿಲ್ಲ ಎಂದು ಸುಳ್ಳು ಹೇಳಲು ಅವರ ಎದುರು ಬಾಯಿ ಬರಲಿಲ್ಲ. ನಮ್ಮ ಕಡೆ ಸೊಸೆ ಮಾವನ ಪಾದ ಮುಟ್ಟುತ್ತಾಳೆ, ಕೈ ಹಿಡಿಯುವುದಿಲ್ಲ. ನಾನು ಸ್ಟೂಲನ್ನು ಹತ್ತಿರ ಎಳೆದುಕೊಂಡು ಅವರ ಕೈಯನ್ನು ನನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡೆ. ಹಗುರವಾಗಿತ್ತು, ಬೆಚ್ಚಗಿತ್ತು. ಅವರು ಬಿಗಿಯಾಗಿ ಹಿಡಿದುಕೊಂಡರು. ನನ್ನ ಗಂಡ ವಾಪಸು ಬಂದು ನೋಡಿ, ಇನ್ನೊಂದು ಪಕ್ಕದಲ್ಲಿ ಕೂತರು. ಹಿಡಿತ ಎಷ್ಟು ಹೊತ್ತಿಗೆ ಸಡಿಲವಾಯಿತೋ ನನಗೆ ತಿಳಿಯಲಿಲ್ಲ. ಸಂಜೆ ನರ್ಸ್ ಬಂದು, ಇನ್ನು ಬಿಡಿ ಅಕ್ಕ ಎಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.